ಏಜೆನ್ಸಿಯೋ, ಅಂಗಡಿಯ ಹುಡುಗನೋ: ತುಮಕೂರಿನ ಬಟ್ಟೆ ಅಂಗಡಿಗೆ ಪ್ರಚಾರದ ಲೆಕ್ಕ

ತಿಂಗಳಿಗೆ ಐವತ್ತು ಸಾವಿರದೊಳಗೆ ಪ್ರಚಾರಕ್ಕೆ ತೆಗೆದಿಡುವ ಬಟ್ಟೆ ಅಂಗಡಿಗೆ ಬೆಂಗಳೂರಿನ ಜಾಹೀರಾತು ಏಜೆನ್ಸಿ ಬೇಡ. ಏಜೆನ್ಸಿಯಿಂದಲೂ ಅಂಗಡಿಯ ಹುಡುಗನಿಂದಲೂ ಮಾಡಿಸಿ ನೋಡಿದ ಮೇಲೆ ನನ್ನ ಓಟು ಅಂಗಡಿಯಲ್ಲೇ ಕೂತು ಮಾಡುವುದಕ್ಕೆ. ಎಂ.ಜಿ. ರಸ್ತೆ, ಅಶೋಕ ರಸ್ತೆ, ಬಿ.ಎಚ್. ರಸ್ತೆ ಕಡೆಯ ಸೀರೆ, ರೆಡಿಮೇಡ್ ಅಂಗಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ವಸಂತನರಸಾಪುರದ ಫ್ಯಾಕ್ಟರಿಗಳ ಲೆಕ್ಕ ಬೇರೆ.

ಮೊದಲು ದುಡ್ಡು. ತಿಂಗಳಿಗೆ 30,000 ರೂಪಾಯಿ ಇದೆ ಅಂದುಕೊಳ್ಳಿ. ಏಜೆನ್ಸಿಯ ಶುಲ್ಕ 15,000 ಅಂದರೆ ಶೇ 18 ಜಿಎಸ್‌ಟಿ ಸೇರಿ 17,700 ಆಯಿತು. ಉಳಿದದ್ದು 12,300. ಫೇಸ್‌ಬುಕ್, ಗೂಗಲ್ ಜಾಹೀರಾತಿನ ಖರ್ಚಿಗೂ ಶೇ 18 ಬೀಳುತ್ತದೆ, ಹಾಗಾಗಿ ಜನರ ಫೋನಿಗೆ ಜಾಹೀರಾತಾಗಿ ತಲುಪುವುದು ಸುಮಾರು 10,400 ಮಾತ್ರ. ಅದೇ 30,000ದಲ್ಲಿ ದಿನಕ್ಕೆ ನಾಲ್ಕು ಗಂಟೆ ಬರುವ ಡಿಗ್ರಿ ಹುಡುಗನಿಗೋ ಹುಡುಗಿಗೋ 10,000, ಎಡಿಟಿಂಗ್ ಆ್ಯಪ್ ಮತ್ತು ಡೇಟಾಕ್ಕೆ 1,000 ಕೊಟ್ಟರೂ 19,000 ಉಳಿಯುತ್ತದೆ. ತೆರಿಗೆ ಕಳೆದರೆ 16,100. ಕಾಂಪೊಸಿಷನ್ ಸ್ಕೀಮಿನಲ್ಲಿರುವ (ವಹಿವಾಟಿನ ಮೇಲೆ ಇಷ್ಟು ಶೇಕಡಾ ಎಂದು ಸರಳವಾಗಿ ಜಿಎಸ್‌ಟಿ ಕಟ್ಟುವ) ಅಂಗಡಿಗೆ ಈ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಪೂರ್ತಿ ಕೈಯಿಂದ ಹೋದ ದುಡ್ಡು. ರೆಗ್ಯುಲರ್ ಆಗಿರುವವರು ಅದನ್ನು ವಾಪಸ್ ಪಡೆಯಲು ಜಾಹೀರಾತು ಖಾತೆಯ ಪೇಮೆಂಟ್ ಸೆಟ್ಟಿಂಗ್ಸ್‌ನಲ್ಲಿ ತಮ್ಮದೇ ಜಿಎಸ್‌ಟಿ ನಂಬರ್ ಹಾಕಿರಬೇಕು. ಏಜೆನ್ಸಿಯ ಖಾತೆ, ಏಜೆನ್ಸಿಯ ಕಾರ್ಡ್‌ನಲ್ಲಿ ಜಾಹೀರಾತು ಓಡಿದರೆ ಬಿಲ್ ಅವರ ಹೆಸರಿಗೇ ಬರುತ್ತದೆ. ಅವರು ಕೊಡುವ ಒಟ್ಟು ಬಿಲ್‌ನಲ್ಲಿ ಜಾಹೀರಾತಿಗೆ ಎಷ್ಟು, ಅವರ ಜೇಬಿಗೆ ಎಷ್ಟು ಎಂದು ಬಿಡಿಸಿ ನೋಡಲು ದಾರಿಯೇ ಇರುವುದಿಲ್ಲ.

ದುಡ್ಡಿಗಿಂತ ದೊಡ್ಡ ತಲೆನೋವು ಬೇರೆ ಇದೆ: ಖಾತೆಗಳು ಯಾರ ಹೆಸರಿನಲ್ಲಿವೆ ಎಂಬುದು. ಏಜೆನ್ಸಿಯವರು ಮೊದಲ ವಾರ ಬಹಳ ಹುರುಪಿನಲ್ಲಿರುತ್ತಾರೆ. "ಎಲ್ಲ ನಾವೇ ಮಾಡ್ಕೊಡ್ತೀವಿ ಸರ್, ನೀವು ಓಟಿಪಿ ಹೇಳಿ ಸಾಕು" ಅನ್ನುತ್ತಾರೆ. ಆ ಓಟಿಪಿ ಹೇಳಿದ ಕ್ಷಣದಲ್ಲಿ ಫೇಸ್‌ಬುಕ್ ಪೇಜು ಅವರ ಬಿಸಿನೆಸ್ ಪೋರ್ಟ್‌ಫೋಲಿಯೊದೊಳಗೆ (ಪೇಜು, ಜಾಹೀರಾತು ಖಾತೆಗಳನ್ನೆಲ್ಲ ಒಟ್ಟಿಗೆ ಇಡುವ ಫೇಸ್‌ಬುಕ್‌ನ ವ್ಯವಸ್ಥೆ) ಹೋಗಿ ಕೂರುತ್ತದೆ, ಗೂಗಲ್ ಮ್ಯಾಪ್‌ನ ಅಂಗಡಿ ಪ್ರೊಫೈಲು ಅವರ ಜಿಮೇಲ್‌ನಲ್ಲಿ ಹುಟ್ಟುತ್ತದೆ, ವೆಬ್‌ಸೈಟಿನ ಡೊಮೇನು (ವಿಳಾಸ) ಅವರ ಲಾಗಿನ್‌ನಲ್ಲಿ ನೋಂದಣಿಯಾಗುತ್ತದೆ. ಬಾಡಿಗೆಗೆ ಕೊಟ್ಟ ಮನೆಯ ಪತ್ರವನ್ನೂ ಬಾಡಿಗೆದಾರರ ಹೆಸರಿಗೇ ಬರೆದುಕೊಟ್ಟ ಹಾಗೆ. ಕರಾರು ಮುಗಿಸಲು ಹೊರಟಾಗಲೇ ಇದು ಗೊತ್ತಾಗುವುದು.

ಇವುಗಳಲ್ಲಿ ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ತಿಳಿದಿರಬೇಕು. ಏಜೆನ್ಸಿಯ ಪೋರ್ಟ್‌ಫೋಲಿಯೊದೊಳಗೇ ತೆರೆದ ಫೇಸ್‌ಬುಕ್ ಜಾಹೀರಾತು ಖಾತೆಯನ್ನು ನಿಮ್ಮ ಪೋರ್ಟ್‌ಫೋಲಿಯೊಗೆ ವರ್ಗಾಯಿಸಲು ಆಗುವುದಿಲ್ಲ. ಹಳೆಯ ಜಾಹೀರಾತುಗಳ ಫಲಿತಾಂಶ, ಯಾವ ಸೀರೆಯ ವಿಡಿಯೊಗೆ ಎಷ್ಟು ಕರೆ ಬಂತು ಎಂಬ ಲೆಕ್ಕ ಅಲ್ಲೇ ಉಳಿಯಿತು ಅಂತಲೇ ತಿಳಿಯಿರಿ. ಪೇಜು ಮಾತ್ರ ನಿಮ್ಮ ಕೈಯಲ್ಲಿದ್ದರೆ ಅಷ್ಟು ನಷ್ಟವಿಲ್ಲ. ಪೇಜಿನ ಪೋಸ್ಟಿಗೆ ಸ್ಪಂದಿಸಿದವರ, ವಿಡಿಯೊ ನೋಡಿದವರ ಪಟ್ಟಿಯನ್ನು ಹಿಂದಿನ 365 ದಿನಗಳವರೆಗೆ ಹೊಸ ಖಾತೆಯಲ್ಲಿ ಮತ್ತೆ ಕಟ್ಟಿಕೊಳ್ಳಬಹುದು. ಆದ್ದರಿಂದ ಒಂದನ್ನೇ ಉಳಿಸಿಕೊಳ್ಳುವ ಹಾಗಿದ್ದರೆ ಪೇಜು ಉಳಿಸಿಕೊಳ್ಳಿ. ಜಾಹೀರಾತಿನಲ್ಲೇ ಆಸಕ್ತರು ತುಂಬುವ ಲೀಡ್ ಫಾರ್ಮ್‌ನಲ್ಲಿ ಬಂದ ಹೆಸರು, ನಂಬರ್‌ಗಳನ್ನು ಡೌನ್‌ಲೋಡ್ ಮಾಡಲು 90 ದಿನ ಮಾತ್ರ ಅವಕಾಶ. ಹೋದ ದೀಪಾವಳಿಯ ಲೀಡ್ ಪಟ್ಟಿಯನ್ನು ಯುಗಾದಿಗೆ ಕೇಳಿದರೆ ಅಲ್ಲಿ ಏನೂ ಇರುವುದಿಲ್ಲ.

ಗೂಗಲ್ ಪ್ರೊಫೈಲಿನ ಮಾಲೀಕತ್ವ ಕೇಳಿ ಮನವಿ ಕಳಿಸಬಹುದು. ಈಗಿನ ಮಾಲೀಕರಿಗೆ ಉತ್ತರಿಸಲು ಮೂರು ದಿನ ಕೊಡುತ್ತಾರೆ. ಉತ್ತರ ಬರದಿದ್ದರೆ ನೀವೇ ದೃಢೀಕರಿಸಿಕೊಳ್ಳುವ ದಾರಿ ಸಿಗಬಹುದು, ಈಗ ಹೆಚ್ಚಾಗಿ ಅದು ವಿಡಿಯೊ ಮೂಲಕ. ರಸ್ತೆಯಿಂದ ಶುರುಮಾಡಿ, ಬೋರ್ಡು ತೋರಿಸಿ, ಶಟರ್ ತೆಗೆದು, ಬಿಲ್ ಕೌಂಟರ್‌ವರೆಗೆ ಎಲ್ಲೂ ಕಟ್ ಮಾಡದೆ ಒಂದೇ ವಿಡಿಯೊ. ಮಾಲೀಕತ್ವ ಕೈಗೆ ಬಂದಮೇಲೂ ಏಳು ದಿನ ಹಳೆಯವರನ್ನು ತೆಗೆಯಲು ಬಿಡುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಇರುವಾಗ ಈ ಗಲಾಟೆ ಎದ್ದರೆ ಹಬ್ಬ ಮುಗಿಯುವವರೆಗೂ ತಪ್ಪು ಫೋನ್ ನಂಬರೇ ಮ್ಯಾಪ್‌ನಲ್ಲಿ ಕೂತಿರುತ್ತದೆ.

ಏಜೆನ್ಸಿಗೇ ಕೊಡುವುದಾದರೆ ಕ್ರಮ ಹೀಗಿರಲಿ. ಅಂಗಡಿಯ ಹೆಸರಿನಲ್ಲಿ ಒಂದು ಜಿಮೇಲ್ ತೆರೆಯಿರಿ, ಅದರ ಓಟಿಪಿ ಮಾಲೀಕರ ಫೋನಿಗೆ ಬರಲಿ. ಮೆಟಾ (ಫೇಸ್‌ಬುಕ್‌ನ ಕಂಪನಿ) ಬಿಸಿನೆಸ್ ಪೋರ್ಟ್‌ಫೋಲಿಯೊ, ಜಾಹೀರಾತು ಖಾತೆ ಎರಡನ್ನೂ ನೀವೇ ತೆರೆದು, ಬಿಸಿನೆಸ್ ಸೆಟ್ಟಿಂಗ್ಸ್‌ನ ಪಾರ್ಟ್‌ನರ್ಸ್ ವಿಭಾಗದಲ್ಲಿ ಏಜೆನ್ಸಿಯ ಬಿಸಿನೆಸ್ ಐಡಿ ಹಾಕಿ ಪ್ರವೇಶ ಕೊಡಿ. ಗೂಗಲ್ ಆ್ಯಡ್ಸ್‌ನಲ್ಲಿ ನಿಮ್ಮ ಹತ್ತು ಅಂಕಿಯ ಕಸ್ಟಮರ್ ಐಡಿ ಕೊಟ್ಟರೆ ಅವರು ತಮ್ಮ ಮ್ಯಾನೇಜರ್ ಖಾತೆಗೆ ಜೋಡಿಸಿಕೊಳ್ಳುತ್ತಾರೆ. ಬೇಡವಾದ ದಿನ ನೀವೇ ಬಿಡಿಸಬಹುದು. ಮ್ಯಾಪ್ ಪ್ರೊಫೈಲ್‌ನಲ್ಲಿ ಅವರನ್ನು ಮ್ಯಾನೇಜರ್ ಮಾಡಿ, ಓನರ್ ಮಾಡಬೇಡಿ. ಬಲ್ಕ್ ಎಸ್ಸೆಮ್ಮೆಸ್ ಕಳಿಸುವವರು ಡಿಎಲ್‌ಟಿ ನೋಂದಣಿಯನ್ನೂ (ಇಂಥ ಎಸ್ಸೆಮ್ಮೆಸ್‌ಗಾಗಿ ಟೆಲಿಕಾಂ ಕಂಪನಿಗಳಲ್ಲಿ ಮಾಡಿಸುವ ನೋಂದಣಿ) ಅಂಗಡಿಯ ದಾಖಲೆಗಳಲ್ಲೇ ಮಾಡಿಸಿ. ಇಷ್ಟಕ್ಕೆ ಒಪ್ಪದ ಏಜೆನ್ಸಿಯ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಜಾಗದ ಆಯ್ಕೆಯಲ್ಲಿ ಊರಿನವರೇ ಮೇಲು. ಗೂಗಲ್ ಆ್ಯಡ್ಸ್ ತಾನಾಗಿ ಆರಿಸಿಕೊಳ್ಳುವುದು ಆ ಜಾಗದಲ್ಲಿರುವವರನ್ನೂ, ಆ ಜಾಗದ ಬಗ್ಗೆ ಆಸಕ್ತಿ ಇರುವವರನ್ನೂ. ಹಾಗೇ ಬಿಟ್ಟರೆ ಸಿದ್ಧಗಂಗಾ ಮಠಕ್ಕೆ ದಾರಿ ಹುಡುಕುವ ಹೊರ ಊರಿನವರಿಗೂ ನಿಮ್ಮ ಸೀರೆ ತೋರಿಸಿ ದುಡ್ಡು ಕಳೆಯುತ್ತದೆ. ಅದನ್ನು ಪ್ರೆಸೆನ್ಸ್ (ಆ ಜಾಗದಲ್ಲಿರುವವರು ಮಾತ್ರ) ಎಂದು ಬದಲಿಸಿ. ಫೇಸ್‌ಬುಕ್‌ನಲ್ಲಿ ತುಮಕೂರಿನ ಸುತ್ತ 40 ಕಿ.ಮೀ. ವೃತ್ತ ಎಳೆದು ಕೈತೊಳೆದುಕೊಳ್ಳುವುದು ಏಜೆನ್ಸಿಯವರ ಅಭ್ಯಾಸ. ಆ ವೃತ್ತದಲ್ಲಿ ಬೆಂಗಳೂರಿಗೆ ಹೋಗಿ ಬಟ್ಟೆ ತರುವ ಕಡೆಯವರೂ ಸೇರುತ್ತಾರೆ, ನಿಮ್ಮ ಅಂಗಡಿಗೆ ನಿಜವಾಗಿ ಬರುವ ಶಿರಾದವರು ಹೊರಗುಳಿಯುತ್ತಾರೆ. ಬಿಲ್ ಪುಸ್ತಕ ತೆಗೆದು ಗಿರಾಕಿಗಳ ಊರು ನೋಡಿ: ಗುಬ್ಬಿ, ಕೊರಟಗೆರೆ, ಶಿರಾ, ಮಧುಗಿರಿ. ಆ ಊರುಗಳ ಮೇಲೆ ಪಿನ್ ಹಾಕಿ. ಆದರೆ ದಿನಕ್ಕೆ 500 ರೂಪಾಯಿ ಇಟ್ಟುಕೊಂಡು ಊರಿಗೊಂದು ಆ್ಯಡ್ ಸೆಟ್ (ಯಾರಿಗೆ ತೋರಿಸಬೇಕೆಂದು ಒಟ್ಟಿಗೆ ಹೇಳಿಟ್ಟ ಜಾಹೀರಾತುಗಳ ಗುಂಪು) ಮಾಡಬೇಡಿ. ಒಂದು ಆ್ಯಡ್ ಸೆಟ್ ಹದಕ್ಕೆ ಬರಲು ವಾರಕ್ಕೆ ಸುಮಾರು 50 ಫಲಿತಾಂಶ (ಕರೆಯೋ, ಮೆಸೇಜೋ) ಬೇಕು. ನಾಲ್ಕಾಗಿ ಒಡೆದರೆ ನಾಲ್ಕೂ, ಯಾರಿಗೆ ತೋರಿಸಿದರೆ ಫಲ ಎಂದು ಫೇಸ್‌ಬುಕ್ ಕಲಿಯುವ ಹಂತದಲ್ಲೇ ಒದ್ದಾಡುತ್ತವೆ. ಎಲ್ಲ ಪಿನ್‌ಗಳೂ ಒಂದೇ ಆ್ಯಡ್ ಸೆಟ್‌ನೊಳಗಿರಲಿ.

ಪೋಸ್ಟರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರುವುದು ಏಜೆನ್ಸಿ ಕೆಲಸದ ಖಾಯಂ ಗುರುತು. ಹಳೆಯ ಆವೃತ್ತಿಯ ಫೋಟೊಶಾಪ್‌ನ ಟೈಪ್ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಆನ್ ಆಗಿಲ್ಲದಿದ್ದರೆ ಒತ್ತು ಪಕ್ಕಕ್ಕೆ ಜಾರಿ ಕೂರುತ್ತದೆ. ಡಿಸೈನರ್‌ಗೆ ಕನ್ನಡ ಓದಲು ಬರದಿದ್ದರೆ ಅದು ತಪ್ಪು ಎಂದೂ ಕಾಣುವುದಿಲ್ಲ.

ಸೀಸನ್ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಆಷಾಢದ ರಿಯಾಯಿತಿ, ಶ್ರಾವಣದ ವರಮಹಾಲಕ್ಷ್ಮಿ, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ, ತಿಪಟೂರಿನಲ್ಲಿ ಕೊಬ್ಬರಿ ದರ ಏರಿದ ವಾರ: ಇವು ಏಜೆನ್ಸಿಯ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಅಲ್ಲಿರುವುದು ವಿಶ್ವ ಕಾಫಿ ದಿನ.

ತಿಂಗಳ ಕೊನೆಯ ರಿಪೋರ್ಟು ಏಜೆನ್ಸಿಯದ್ದೇ ಚೆಂದ. ರೀಚ್ (ಜಾಹೀರಾತು ಕಂಡ ಜನ) ಎಷ್ಟು ಲಕ್ಷ ಎಂದು ಬಣ್ಣದಲ್ಲಿರುತ್ತದೆ, ಗಲ್ಲಾಪೆಟ್ಟಿಗೆಗೆ ಅದರಿಂದ ಏನಾಯಿತು ಎಂಬುದು ಇರುವುದಿಲ್ಲ.

ಒಳಗೇ ಮಾಡಿಕೊಳ್ಳುವುದರಲ್ಲೂ ಕೊರತೆಗಳಿವೆ. ಹುಡುಗ ಕೆಲಸ ಬಿಟ್ಟ ದಿನ ಇನ್‌ಸ್ಟಾಗ್ರಾಂ ಪಾಸ್‌ವರ್ಡೂ ಅವನ ಜೊತೆ ಹೋಗಬಾರದು. ಎರಡು ಹಂತದ ದೃಢೀಕರಣ ಅಂಗಡಿಯ ಫೋನಿನಲ್ಲಿರಲಿ, ಪೇಜಿಗೆ ಇಬ್ಬರು ಅಡ್ಮಿನ್ ಇರಲಿ. ಎರಡನೆಯದು, ಹಬ್ಬದ ರಶ್‌ನಲ್ಲಿ ಅವನನ್ನೂ ಸೀರೆ ಮಡಚಲು ನಿಲ್ಲಿಸುತ್ತೀರಿ, ಜಾಹೀರಾತು ನಿಲ್ಲುತ್ತದೆ. ಹಬ್ಬಕ್ಕೆ ಮೂರು ವಾರ ಮೊದಲೇ ಹತ್ತು ಹನ್ನೆರಡು ರೀಲ್ಸ್ ಮಾಡಿಟ್ಟು, ಮೆಟಾ ಬಿಸಿನೆಸ್ ಸೂಟ್‌ನಲ್ಲಿ ದಿನಾಂಕ ಹಾಕಿ ಶೆಡ್ಯೂಲ್ ಮಾಡಿಸಿ. ಶೂಟಿಂಗ್ ಬೆಳಿಗ್ಗೆ ಅಂಗಡಿ ಬಾಗಿಲ ಹತ್ತಿರದ ಬೆಳಕಿನಲ್ಲಾಗಲಿ; ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಸೀರೆಯ ಬಣ್ಣ ಬೇರೆಯಾಗಿ ಕಂಡು, ಬಂದ ಗಿರಾಕಿ ಜಗಳಕ್ಕೆ ನಿಲ್ಲುತ್ತಾರೆ.

ವಾಟ್ಸ್‌ಆ್ಯಪ್ ಅಂತೂ ಹೊರಗಿನವರ ಕೈಗೆ ಕೊಡುವ ಕೆಲಸವೇ ಅಲ್ಲ. ಬಿಸಿನೆಸ್ ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಬಿಲ್ ಮಾಡುವಾಗ "ಅಕ್ಕಾ, ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಸ್ಟಾಕ್ ಫೋಟೊ ಕಳಿಸ್ತೀವಿ" ಎಂದು ಹೇಳುವವರು ಕೌಂಟರಿನಲ್ಲಿರಬೇಕು. "ಇದೇ ಬಾರ್ಡರ್ ಹಸಿರಲ್ಲಿ ಇದೆಯಾ" ಎಂಬ ಮೆಸೇಜಿಗೆ ಸೀರೆ ಕೈಯಲ್ಲಿ ಹಿಡಿದು ಫೋಟೊ ಕಳಿಸುವವರೇ ಬೇಕು.

ಏಜೆನ್ಸಿ ಗೆಲ್ಲುವುದು ಬಿಡಿ ಕೆಲಸದಲ್ಲಿ. ಮದುವೆ ಸೀಸನ್ನಿನ ಒಳ್ಳೆಯ ವಿಡಿಯೊ, ಹೊಸ ಬ್ರಾಂಚಿನ ಓಪನಿಂಗ್, ವೆಬ್‌ಸೈಟ್ ಕಟ್ಟುವುದು, ಗೂಗಲ್ ಆ್ಯಡ್ಸ್ ಮೊದಲ ಸಲ ಕೂರಿಸುವುದು, ಇವನ್ನು ಧಾರಾಳವಾಗಿ ಹೊರಗೆ ಕೊಡಿ, ಆದರೆ ತಿಂಗಳ ಕರಾರಿನಲ್ಲಿ ಬೇಡ, ಕೆಲಸಕ್ಕಿಷ್ಟು ಎಂದು. ವಿಡಿಯೊ ಆದರೆ ಉದ್ದಕ್ಕೆ ನಿಂತ 9:16 ಅಳತೆಯಲ್ಲಿ, 15ರಿಂದ 30 ಸೆಕೆಂಡಿನ ತುಂಡುಗಳಾಗಿ, ಎಡಿಟ್ ಮಾಡದ ಮೂಲ ಫೈಲುಗಳ ಸಮೇತ ಕೊಡಬೇಕು. ಪೋಸ್ಟರ್ ಆದರೆ ಪಿಎಸ್‌ಡಿ ಫೈಲು (ಮತ್ತೆ ತಿದ್ದಲು ಬರುವ ಫೋಟೊಶಾಪ್‌ನ ಮೂಲ ಫೈಲು). ಅರ್ಧ ದುಡ್ಡು ಮುಂಗಡ. ಉಳಿದರ್ಧ, ಫೈಲುಗಳು ಅಂಗಡಿಯ ಗೂಗಲ್ ಡ್ರೈವ್‌ಗೆ ಬಂದು, ನಿಮ್ಮ ಹುಡುಗ ಅವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆ.