ಹ್ಯಾಂಡೆಲ್‌ನ ‘ದೀಕ್ಸಿತ್ ದೋಮಿನುಸ್’: ಬಿಟ್ಟಿ ಸ್ಕೋರ್ ಯಾರಿಗೆ, ಕೊಂಡ ಸ್ಕೋರ್ ಯಾರಿಗೆ

‘ದೀಕ್ಸಿತ್ ದೋಮಿನುಸ್’ ಜರ್ಮನ್ ಸಂಗೀತ ರಚನೆಕಾರ ಹ್ಯಾಂಡೆಲ್ ವೃಂದಗಾನಕ್ಕೆ ಕಟ್ಟಿದ ಲ್ಯಾಟಿನ್ ಕೀರ್ತನೆ. ಅದರ ಸ್ಕೋರ್, ಅಂದರೆ ಸ್ವರಲಿಪಿಯ ಪುಸ್ತಕ, ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ಕ್ರಿಸಾಂಡರ್ ಎಂಬ ಸಂಪಾದಕರ ಆ ಆವೃತ್ತಿಯ ಪಿಡಿಎಫ್ ತೆಗೆದುಕೊಂಡು ಹೋದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಮಾಡಿ ಸ್ಪೈರಲ್ ಹಾಕಿ ಕೊಡುತ್ತಾರೆ. ನಿರ್ದೇಶಕರಿಗೆ ಅಷ್ಟು ಸಾಕು. ಹಾಡುವವರ ಕೈಗೆ ಮಾತ್ರ ಅದನ್ನು ಕೊಡಬೇಡಿ. 19ನೇ ಶತಮಾನದ ಈ ಮುದ್ರಣದಲ್ಲಿ ಬಾಸ್ (ಗಂಡಸರ ತಗ್ಗು ದನಿ) ಬಿಟ್ಟು ಉಳಿದ ದನಿಗಳೆಲ್ಲ, ಯಾವ ಗೆರೆ ಯಾವ ಸ್ವರವೆಂದು ಸಾಲಿನ ಮೊದಲಲ್ಲೇ ಹೇಳುವ ಕ್ಲೆಫ್ ಗುರುತುಗಳಲ್ಲಿ ಹಳೆಯದಾದ ಸಿ-ಕ್ಲೆಫ್‌ನಲ್ಲಿವೆ: ಮಧ್ಯದ ಸಿ ಸ್ವರ ಸೊಪ್ರಾನೊಗೆ (ಹೆಂಗಸರ ಮೇಲಿನ ದನಿ) ಕೆಳಗಿನಿಂದ ಮೊದಲ ಗೆರೆ, ಆಲ್ಟೊಗೆ (ಹೆಂಗಸರ ಕೆಳದನಿ) ಮೂರನೆಯದು, ಟೆನರ್‌ಗೆ (ಗಂಡಸರ ಮೇಲಿನ ದನಿ) ನಾಲ್ಕನೆಯದು. ಸೋಲ್ಫಾದಲ್ಲಿ, ಅಂದರೆ ದೊ-ರೆ-ಮಿ ಅಕ್ಷರಗಳಲ್ಲಿ ಕಲಿತವರಿರಲಿ, ಇಂದು ಬಳಕೆಯ ಟ್ರೆಬಲ್ ಕ್ಲೆಫ್ ಸರಾಗವಾಗಿ ಓದುವವರೂ ಮೊದಲ ಪುಟದಲ್ಲೇ ಎಡವುತ್ತಾರೆ. ಗಾಯಕರಿಗೆ ದುಡ್ಡು ಕೊಟ್ಟು ಇಂದಿನ ವೋಕಲ್ ಸ್ಕೋರ್ ತರಿಸಿ. ದನಿಗಳು ಈಗಿನ ಕ್ಲೆಫ್‌ನಲ್ಲಿರುತ್ತವೆ, ತಾಲೀಮಿಗೆ ಕೀಬೋರ್ಡ್ ಸಾಲೂ ಇರುತ್ತದೆ.

ಕೃತಿ 1707ರ ಏಪ್ರಿಲ್‌ನದು. ರೋಮ್‌ನಲ್ಲಿ ಬರೆದಾಗ ಹ್ಯಾಂಡೆಲ್‌ಗೆ 22 ವರ್ಷ. ಲ್ಯಾಟಿನ್ ಬೈಬಲ್‌ನ 109ನೇ ಕೀರ್ತನೆ. ಕನ್ನಡ ಬೈಬಲ್‌ನಲ್ಲಿ 110 ನೋಡಿ. ವೃಂದದಲ್ಲಿ ಐದು ದನಿ, ಸೊಪ್ರಾನೊ ಎರಡು ಭಾಗ. ವಾದ್ಯಗಳಲ್ಲಿ ವಯೋಲಾಗಳೂ (ಪಿಟೀಲಿಗಿಂತ ತುಸು ದೊಡ್ಡವು) ಎರಡು ಭಾಗ. ನಮ್ಮ ಕಡೆ ಒಂದಕ್ಕೂ ಜನ ಸಿಗುವುದು ಕಷ್ಟ, ಕೀಬೋರ್ಡ್‌ನ ಆರ್ಗನ್ ಟೋನ್‌ಗೆ ಒಪ್ಪಿಸಿ.

ಮೊದಲ ಕೋರಸ್ಸಿನಲ್ಲಿ ‘ದೋನೆಕ್ ಪೋನಮ್’ ಎಂಬ ಉದ್ದ ಸ್ವರಗಳ ರಾಗ ಬರುತ್ತದಲ್ಲ, ಅದನ್ನು ಗಟ್ಟಿಮಾಡಿಸಿ. ಕೊನೆಯ ‘ಗ್ಲೋರಿಯಾ’ದಲ್ಲಿ ‘ಸಿಕುತ್ ಏರಾತ್’ಗೆ ಅದೇ ಮತ್ತೆ ಬರುತ್ತದೆ, ದುಡಿಮೆ ಅರ್ಧ ತಪ್ಪುತ್ತದೆ. ನಿಜವಾದ ಪರೀಕ್ಷೆ ‘ಕೊನ್‌ಕ್ವಸ್ಸಾಬಿತ್’. ಅಲ್ಲಿ ‘ಸ್ಸಾ’ ಎಂಬ ಒಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಕುಟ್ಟಬೇಕು. ಪ್ರತಿ ಹೊಡೆತಕ್ಕೂ ಗಂಟಲು ಬಿಗಿದರೆ ದನಿ ಒಡೆಯುತ್ತದೆ. ಒತ್ತು ಹೊಟ್ಟೆಯಿಂದ ಬರಲಿ. ಅರ್ಧ ವೇಗದಲ್ಲಿ, ಮೆಲುದನಿಯಲ್ಲಿ ಶುರುಮಾಡಿ.

ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಒತ್ತಕ್ಷರ, ದೀರ್ಘ ಎಲ್ಲ ಸಲೀಸು. ಆದರೆ ನಮ್ಮ ನಾಲಿಗೆ ವ್ಯಂಜನಕ್ಕೆ ನಿಲ್ಲುವುದಿಲ್ಲ. ‘ದೋಮಿನುಸ್’ ಹೋಗಿ ‘ದೋಮಿನುಸು’ ಆಗುತ್ತದೆ, ಇಲ್ಲದ ಉಕಾರಕ್ಕೆ ತಾಳದಲ್ಲೂ ಜಾಗ ಬೇಕಾಗುತ್ತದೆ. ಪದದ ಕೊನೆಯ ಸ್, ತ್ ಎಲ್ಲಿ ಮುಗಿಯಬೇಕೆಂದು ಸ್ಕೋರಿನಲ್ಲೇ ಪೆನ್ಸಿಲ್ ಗುರುತು ಹಾಕಿಸಿ.

ಸೊಪ್ರಾನೊ ಬಿ-ಫ್ಲಾಟ್‌ವರೆಗೆ ಏರಬೇಕು. ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಮೈನಸ್ ಒಂದು ಒತ್ತಿದರೆ ಅದು ಎ ಆಗುತ್ತದೆ. ಬರೋಕ್ (ಹ್ಯಾಂಡೆಲ್ ಕಾಲದ) ಸಂಗೀತದವರು ಇಂದು ಸಾಮಾನ್ಯವಾಗಿ ಇಟ್ಟುಕೊಳ್ಳುವ 415 ಹರ್ಟ್ಸ್ ಶ್ರುತಿಯೂ ಮಾಮೂಲಿ ಶ್ರುತಿಗಿಂತ ಅರ್ಧ ಸ್ವರ ಕೆಳಗೇ ಇರುವುದರಿಂದ ಇದರಲ್ಲಿ ಸಂಕೋಚ ಬೇಡ. ಪಿಟೀಲು ಜೊತೆಗಿದ್ದರೆ ಅವರೂ ತಂತಿ ಇಳಿಸಿಕೊಳ್ಳಬೇಕು, ಇಲ್ಲವಾದರೆ ಗದ್ದಲ.

ಇಡೀ ಕೃತಿ ಅರ್ಧ ಗಂಟೆ ದಾಟುತ್ತದೆ. ಬೀದರ್‌ನ ಭಾನುವಾರದ ಆರಾಧನೆಗೆ ‘ದೆ ತೊರೆಂತೆ’ ಎಂಬ ಭಾಗ ಒಂದೇ ಸಾಕು: ಮೇಲೆ ಎರಡು ಸೊಪ್ರಾನೊ ಒಂದಕ್ಕೊಂದು ಉಜ್ಜಿಕೊಂಡು ಸಾಗುತ್ತವೆ, ಗಂಡಸರದು ಕೆಳಗೆ ಒಂದೇ ಸಾಲು. ಆ ಉಜ್ಜಾಟವನ್ನು ಅಪಸ್ವರವೆಂದು ತಿದ್ದಲು ಹೋಗಬೇಡಿ.