ಹಮ್ಮಿಂಗ್ ಹೋಗಲಿ ಅಂತ ಅರ್ಥ್ ಪಿನ್ ತೆಗೆಸಬೇಡಿ

ಗಿಟಾರ್ ಆಂಪ್‌ನ ಗುಂಯ್ ಸದ್ದು ನಿಲ್ಲಿಸೋಕೆ ಪ್ಲಗ್‌ನ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ತೆಗೆಯುತ್ತೇನೆ ಅಂತ ಯಾರಾದರೂ ಹೇಳಿದರೆ, ಆಂಪ್ ಎತ್ತಿಕೊಂಡು ವಾಪಸ್ ಬಂದುಬಿಡಿ. ನಾನು ಹಾಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೋಲಾರದವನು. ಹಗಲು ಅಂಗಡಿ ವ್ಯಾಪಾರ, ಹಬ್ಬದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್. ಎರಡು ವರ್ಷದ ಹಿಂದೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಒಂದು ಹಳೇ ಟ್ಯೂಬ್ ಆಂಪ್ ಸಿಕ್ಕಿತು. ವಾಲ್ವ್ ರೇಡಿಯೋ ಅಂತಿದ್ದರಲ್ಲ, ಅದೇ ಜಾತಿ. ದನಿ ಮಾತ್ರ ಬೆಲ್ಲದ ಪಾಕದ ಹಾಗೆ. ಆದರೆ ಹಮ್ಮಿಂಗ್. ಸುಮ್ನೆ ಇಟ್ಟರೂ ಹಿಂದಿನಿಂದ ಗುಂಯ್ ಅಂತಿತ್ತು. ಮೈಕ್ ಸೆಟ್‌ನ ಮಿಕ್ಸರ್‌ಗೆ ಕೇಬಲ್ ಹಾಕಿ ನೇರ ಲೈನ್ ಕೊಟ್ಟರಂತೂ ಹಾಡೇ ಕೇಳದಷ್ಟು ಜಾಸ್ತಿ.

ಊರಿನ ಒಂದು ರಿಪೇರಿ ಅಂಗಡಿಗೆ ಆಂಪ್, ಮಿಕ್ಸರ್ ಎರಡನ್ನೂ ಒಯ್ದೆ. ಒಂದು ಗಂಟೆ ಬಿಟ್ಟು ಬನ್ನಿ ಅಂದರು. ಹೋದಾಗ ಸದ್ದು ಮುಕ್ಕಾಲು ಭಾಗ ಇಳಿದಿತ್ತು. "ಅರ್ಥಿಂಗ್ ಪ್ರಾಬ್ಲಮ್ ಸರ್. ಅರ್ಥ್ ವೈರ್ ತೆಗೆದು ಟೂ ಪಿನ್ ಹಾಕಿಬಿಟ್ಟೆ. ನೋಡಿ, ಈಗ ಎಷ್ಟು ಸೈಲೆಂಟ್!" ನನಗೆ ಖುಷಿಯೋ ಖುಷಿ. ಇನ್ನೂರು ರೂಪಾಯಿ ಕೊಟ್ಟು ಬಂದೆ. ನಾಲ್ಕು ತಿಂಗಳು ಮನೆಯಲ್ಲಿ ನುಡಿಸಿದೆ, ಏನೂ ಆಗಲಿಲ್ಲ.

ಕಳೆದ ಗಣೇಶನ ಹಬ್ಬಕ್ಕೆ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಪ್ರೋಗ್ರಾಂ. ಸಂಜೆ ಮಳೆ ಹನಿದು ಸ್ಟೇಜ್ ಹಲಗೆ ಒದ್ದೆಯಾಗಿತ್ತು. ಮೈಕ್ ಸೆಟ್‌ನವರು ಆಂಪ್ ಮುಂದೆ ಒಂದು ಮೈಕ್ ಇಟ್ಟರು, ಲೈನ್ ತೆಗೆದುಕೊಳ್ಳಲಿಲ್ಲ. ಮೊದಲ ಹಾಡು ನನ್ನ ಅಣ್ಣನ ಮಗಳದು. ಒಂಬತ್ತನೇ ಕ್ಲಾಸ್ ಹುಡುಗಿ. ಸ್ಟ್ಯಾಂಡ್ ಎತ್ತರ ಆಯ್ತು ಅಂತ "ಚಿಕ್ಕಪ್ಪ, ಮೈಕ್ ಕೈಗೇ ಕೊಡು" ಅಂದಳು. ಎಡಗೈ ಗಿಟಾರ್ ತಂತಿ ಮೇಲೆ ಇತ್ತು. ಬಲಗೈಯಲ್ಲಿ ಮೈಕ್ ಹಿಡಿದೆ.

ಆಮೇಲೆ ಏನಾಯಿತು ಅಂತ ನನಗೆ ಪೂರ್ತಿ ನೆನಪಿಲ್ಲ. ಎರಡೂ ಕೈ ಬಿಗಿದುಕೊಂಡವು. ಬಿಡಬೇಕು ಅಂತ ಅನ್ನಿಸುತ್ತಿದೆ, ಬೆರಳು ಬಿಡುತ್ತಿಲ್ಲ. ಕೂಗೋಣ ಅಂದರೆ ದನಿ ಬರಲಿಲ್ಲ. ಹಿಂದಕ್ಕೆ ಬಿದ್ದೆ. ಬಿದ್ದ ರಭಸಕ್ಕೆ ಗಿಟಾರ್‌ನಿಂದ ಕೇಬಲ್ ಕಿತ್ತು ಬಂತು. ಉಳಿದಿದ್ದು ಅದರಿಂದ. ಹುಡುಗಿ ಮೈಕ್‌ಗೆ ಕೈ ಚಾಚಿದ್ದಳಂತೆ, ಇನ್ನೊಂದು ಗೇಣು ಅಷ್ಟೇ. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ರಾತ್ರಿಯೆಲ್ಲಾ ಮಲಗಿಸಿಕೊಂಡರು. ಎಡಗೈಯ ಮೂರು ಬೆರಳ ತುದಿಯಲ್ಲಿ ತಂತಿಯ ಗೆರೆ ಸುಟ್ಟು ಬಿಳಿಚಿಕೊಂಡಿತ್ತು. ಒಂದು ಗೆರೆ ಇನ್ನೂ ಹೋಗಿಲ್ಲ.

ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಹಿರಿಯರೊಬ್ಬರು ಆಂಪ್ ಬಿಚ್ಚಿ ನೋಡಿದರು. ಪವರ್ ಸ್ವಿಚ್‌ಗೆ ಹೋಗುವ ವೈರಿನ ರಬ್ಬರ್ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಒಂದು ಎಳೆ ತಾಮ್ರ ಆಂಪ್‌ನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ, ತಾಗಿತ್ತು. ಗಿಟಾರ್ ತಂತಿ ಕೇಬಲ್ ಮೂಲಕ ಚಾಸಿಗೇ ಸೇರಿರುತ್ತದೆ. ಅಂದರೆ ತಂತಿ ಮುಟ್ಟಿದ್ದೂ ಒಂದೇ, ಆ ತಾಮ್ರ ಮುಟ್ಟಿದ್ದೂ ಒಂದೇ. ಮೈಕ್‌ನ ಮೈ ಮಿಕ್ಸರ್ ಮೂಲಕ ಅರ್ಥ್ ಆಗಿತ್ತು. ನಡುವೆ ನಾನು.

"ಮತ್ತೆ ಮನೆಯಲ್ಲಿ ಯಾಕೆ ಹೊಡೆಯಲಿಲ್ಲ, ಸರ್?" ಅಂತ ಕೇಳಿದೆ. ಟೂ ಪಿನ್ ಪ್ಲಗ್ಗನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. "ಇದನ್ನ ಹೀಗೂ ಹಾಕಬಹುದು, ಹಾಗೂ ಹಾಕಬಹುದು. ಮನೇಲಿ ಆ ಎಳೆಗೆ ನ್ಯೂಟ್ರಲ್ ಬಂದಿತ್ತು. ಸ್ಟೇಜಲ್ಲಿ ಫೇಸ್ ಬಂತು. ಅರ್ಥ್ ಇದ್ದಿದ್ದರೆ ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗ್ತಿತ್ತು. ಅಷ್ಟೇ ಆಗ್ತಿದ್ದಿದ್ದು." ಮಿಕ್ಸರ್‌ಗೆ ಲೈನ್ ಕೊಟ್ಟಿದ್ದರೂ ಆ ಕೇಬಲ್ಲಿನೊಳಗೆ ಸುತ್ತಿರುವ ತಂತಿ ಜಾಲರಿಯಿಂದಾದರೂ ಅರ್ಥ್ ಸಿಗುತ್ತಿತ್ತಂತೆ. ಅವತ್ತು ಅದೂ ಇರಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ, ಸ್ಟೇಜ್ ಮೇಲೆ, ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಜಿಲ್ಲೆ ನಮ್ಮದು. ಇಲ್ಲೇ ಇನ್ನೂ ಅರ್ಥ್ ಕಿತ್ತು ಹಾಕುವುದನ್ನು ರಿಪೇರಿ ಅಂತಾರೆ ಅನ್ನೋದು ನನಗೆ ಬಹಳ ನೋವಿನ ವಿಷಯ.

ಹಾಗಾದರೆ ಹಮ್ಮಿಂಗ್ ಹೋಗೋದು ಹೇಗೆ? ಆ ಹಿರಿಯರು ಹುಡುಕಿದ ರೀತಿ ಹೇಳುತ್ತೇನೆ. ನನ್ನ ಆಂಪ್‌ನಲ್ಲಿ ಇದ್ದದ್ದು ಒಂದು ಸದ್ದಲ್ಲ, ಎರಡು.

ಮಿಕ್ಸರ್‌ಗೆ ಜೋಡಿಸಿದಾಗ ಮಾತ್ರ ಏಳುತ್ತಿದ್ದದ್ದು ಗ್ರೌಂಡ್ ಲೂಪ್. ಆಂಪ್, ಮಿಕ್ಸರ್ ಎರಡೂ ಬೇರೆ ಬೇರೆ ಬೋರ್ಡಿನಲ್ಲಿ ಅರ್ಥ್ ಆಗಿ, ಮಧ್ಯೆ ಆಡಿಯೋ ಕೇಬಲ್ ಜಾಲರಿಯೂ ಸೇರಿದರೆ ಒಂದು ಸುತ್ತು ಆಗುತ್ತದೆ. ಅಂಗಡಿಯವರು ಆ ಸುತ್ತನ್ನು ಮುರಿದರು ನಿಜ, ಮುರಿಯಬಾರದ ಕಡೆ ಮುರಿದರು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅಲ್ಲೇ ಇಳಿಯುತ್ತದೆ. ಇಳಿಯದಿದ್ದರೆ ಮಧ್ಯೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಆಂಪ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ದಾಟಿಸುವ ಡಬ್ಬಿ) ಹಾಕಿ. ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಆಡಿಯೋ ಕೇಬಲ್ಲಿನ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಹೆಸರು ಒಂದೇ ಥರ ಕೇಳುತ್ತದೆ ಅಂತ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಎರಡನೆಯದು ಆಂಪ್ ಒಳಗಿನದೇ. ಗಿಟಾರ್ ಕೇಬಲ್ ತೆಗೆದು, ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇತ್ತು. ಅಂದರೆ ಗಿಟಾರ್ ಕಾರಣ ಅಲ್ಲ, ರೂಮಿನ ಟ್ಯೂಬ್‌ಲೈಟ್ ಚೋಕೂ ಅಲ್ಲ. ಆಮೇಲೆ ಅವರು ಹೇಳಿಕೊಟ್ಟ ಒಂದು ಉಪಾಯ ಗಿಟಾರ್ ನುಡಿಸುವ ಯಾರಿಗಾದರೂ ಬರುತ್ತದೆ. ಕರೆಂಟಿಗೆ ಹಾಕದ ಗಿಟಾರ್ ತೊಗೊಂಡು ಆರನೇ ತಂತಿಯ ಮೂರನೇ ಫ್ರೆಟ್ ನುಡಿಸಿ. ಅದು 98 ಹರ್ಟ್ಸ್. ಹಮ್ಮಿಂಗ್ ಅದಕ್ಕೆ ಹೆಚ್ಚುಕಡಿಮೆ ಕೂಡಿದರೆ ಅದು 100 ಹರ್ಟ್ಸ್: ಎಸಿಯನ್ನು ಡಿಸಿ ಮಾಡಿದ ಮೇಲೆ ಉಳಿದ ಅಲೆ. ಆ ಅಲೆಯನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು, ಇಲ್ಲವೇ ಎರಡು ಪವರ್ ಟ್ಯೂಬ್ ಒಂದಕ್ಕೊಂದು ಹೊಂದುತ್ತಿಲ್ಲದಿರಬಹುದು. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಇದ್ದರೆ 50 ಹರ್ಟ್ಸ್. ಆಗ ಟ್ಯೂಬ್ ಕಾಯಿಸುವ 6.3 ವೋಲ್ಟ್ ಹೀಟರ್ ವೈರ್, ಗ್ರೌಂಡ್ ಲೂಪ್, ಟ್ರಾನ್ಸ್‌ಫಾರ್ಮರ್ ಪಕ್ಕ ಹಾದ ವೈರ್ ಇವನ್ನು ನೋಡಬೇಕು. ನನ್ನದು ಮೂರನೇ ಫ್ರೆಟ್ಟಿಗೆ ಕೂಡಿತು. ಮೂರು ಕೆಪಾಸಿಟರ್‌ಗಳಲ್ಲಿ ಒಂದರ ತಲೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ಅಂಟು ಕಟ್ಟಿತ್ತು.

ಹಾಗಂತ ನೀವೇ ಬಿಚ್ಚಲು ಕೂರಬೇಡಿ. ಟೆಸ್ಟ್ ಮಾಡೋಕೆ ಅಂತ ಟ್ಯೂಬ್ ಕಿತ್ತು ಒಂದು ಸಲ ಆನ್ ಮಾಡಿದ್ದರು. ಆಫ್ ಮಾಡಿ, ಪ್ಲಗ್ ಎಳೆದು, ಹತ್ತು ನಿಮಿಷ ಆಗಿತ್ತು. ಆಗಲೂ ಕೆಪಾಸಿಟರ್ ಹಿಡಿದಿಟ್ಟುಕೊಂಡಿದ್ದ ಕರೆಂಟಿನಿಂದ ಮೀಟರ್ 290 ವೋಲ್ಟ್ ತೋರಿಸಿತು! ಅವರು ಎಡಗೈ ಜೇಬಿಗೆ ಹಾಕಿಕೊಂಡು, ಬಲಗೈಯಿಂದ ಮಾತ್ರ, ಆ ಕರೆಂಟ್ ಇಳಿಯಲಿ ಅಂತ, 100 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್ ಕ್ಲಿಪ್ ಸಿಕ್ಕಿಸಿದರು. 290, 140, 60, 9. ಸೊನ್ನೆ ಹತ್ತಿರ ಬರುವ ತನಕ ಒಳಗೆ ಬೆರಳಿಡಲಿಲ್ಲ. ಮೂವತ್ತು ವರ್ಷ ಗಣಿಯ ಕರೆಂಟಿನ ಜೊತೆ ಬದುಕಿದವರು ಅಷ್ಟು ಹುಷಾರಾಗಿದ್ದರು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸ ಕೆಪಾಸಿಟರ್ ತಂದು ಹಾಕಿದೆವು. ವೈರ್ ಬದಲಾಯಿತು, ತ್ರೀ ಪಿನ್ ವಾಪಸ್ ಬಂತು. ಈಗ ಹಾಡು ನಿಂತಾಗ ಫ್ಯಾನ್ ಸದ್ದು ಕೇಳುತ್ತದೆ, ಆಂಪ್ ಸದ್ದು ಕೇಳುವುದಿಲ್ಲ.

ಇನ್ನೊಂದು ಮಾತು. ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತಲ್ಲ. ನಮ್ಮ ಮನೆಯ ಬೋರ್ಡಿನಲ್ಲಿ ಫೇಸಿಗೂ ಅರ್ಥಿಗೂ 230 ಬರಬೇಕಿತ್ತು, ಮೀಟರ್ ಎಲ್ಲೆಲ್ಲೋ ಓಡಾಡುತ್ತಿತ್ತು. ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಕೋಲಾರದ ಬೇಸಿಗೆ ಗೊತ್ತಲ್ವಾ. ಎಲೆಕ್ಟ್ರಿಷಿಯನ್ ಕರೆಸಿ ಇದ್ದಿಲು, ಉಪ್ಪು ಹಾಕಿಸಿ ಹೊಸ ಗುಂಡಿ ಮಾಡಿಸಿದೆ, ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆ. ವಾರಕ್ಕೊಂದು ಬಿಂದಿಗೆ ನೀರು ಹುಯ್ಯುತ್ತೇವೆ. ಅಮೆರಿಕದ 120 ವೋಲ್ಟ್ ಆಂಪ್ ಇಟ್ಟುಕೊಂಡವರು ಸ್ಟೆಪ್ ಡೌನ್ ಡಬ್ಬಿಯನ್ನೂ ನೋಡಿ. ಎಷ್ಟೋ ಡಬ್ಬಿಗಳಿಗೆ ಅರ್ಥ್ ಪಿನ್ನೇ ಇರುವುದಿಲ್ಲ.

ಆ ರಿಪೇರಿ ಅಂಗಡಿಗೂ ಹೋಗಿದ್ದೆ. ಜಗಳ ಮಾಡಲಿಲ್ಲ, ಬೆರಳು ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ ತೆಗೆದು, ಹೀಗೇ ಟೂ ಪಿನ್ ಹಾಕಿಕೊಟ್ಟಿದ್ದ ಇಬ್ಬರಿಗೆ ನನ್ನೆದುರಿಗೇ ಫೋನ್ ಮಾಡಿದರು. ಮೂರನೆಯವರ ನಂಬರ್ ಬರೆದುಕೊಂಡಿರಲಿಲ್ಲ. ಶ್ರೀನಿವಾಸಪುರದ ಕಡೆಯವರಂತೆ, ಕಪ್ಪು ಬಣ್ಣದ ಕೀಬೋರ್ಡ್ ಆಂಪ್, ಒಂದು ಮೂಲೆ ಒಡೆದಿತ್ತಂತೆ. ಅದು ನಿಮ್ಮದಾಗಿದ್ದರೆ, ಇಲ್ಲವೇ ಯಾರದು ಅಂತ ಗೊತ್ತಿದ್ದರೆ, ದಯವಿಟ್ಟು ಇವತ್ತೇ ಪ್ಲಗ್ ಎಳೆದು ಎಷ್ಟು ಪಿನ್ ಇದೆ ನೋಡಿ.