ಮುರಿದ ಆಂಟೆನಾ ಕೀಳುವುದು: ಮೇಲಿನಿಂದಲೋ, ಕೆಳಗಿನಿಂದಲೋ, ಕತ್ತರಿಸಿಯೋ?

ದೇವರಾಯನದುರ್ಗದಲ್ಲಿ ಕಾರು ನಿಲ್ಲಿಸಿ, ದೇವರ ದರ್ಶನ ಮುಗಿಸಿ ಬರುವಷ್ಟರಲ್ಲಿ ಕೋತಿಯೊಂದು ನಮ್ಮ ಹಳೆಯ ಮಾರುತಿ 800ರ ಆಂಟೆನಾಗೆ ಜೋತುಬಿದ್ದು ತನ್ನ ಆಟವನ್ನೂ ಮುಗಿಸಿತ್ತು. ಹೆಸರೇ ಮಾರುತಿ ಎಂದ ಮೇಲೆ ಸ್ವಂತ ಮನೆಯ ವಾಹನವೆಂದುಕೊಂಡಿತೋ ಏನೋ. ಮೇಲಿನ ಕಡ್ಡಿ ಮುರಿದಿತ್ತು, ಬುಡ ವಾಲಿತ್ತು. ಹಿಂದಿನ ಮಾಲೀಕರು ಎಡಗಡೆಯ ಮಡ್‌ಗಾರ್ಡ್‌ಗೆ ತೂತು ಕೊರೆಸಿ ಹಾಕಿಸಿದ್ದ, ಒಂದರೊಳಗೊಂದು ಸೇರುವ ಕೊಳವೆಗಳ ಆಂಟೆನಾ ಅದು. ತುಮಕೂರಿಗೆ ಇಳಿಯುವ ದಾರಿಯುದ್ದಕ್ಕೂ ಗಡಗಡ ಸದ್ದು.

ಮೊದಲು ಮೇಲಿನಿಂದಲೇ ಬಿಚ್ಚಲು ಹೋದೆ. ಎಲ್ಲರೂ ಹೀಗೇ ಹೋಗುತ್ತಾರೆ, ನಟ್ಟು ಕಣ್ಣಿಗೆ ಕಾಣುತ್ತದಲ್ಲ. ಆದರೆ ಅದು ಆರು ಮೂಲೆಯ ನಟ್ಟಲ್ಲ. ದುಂಡಗಿದ್ದು ಪಕ್ಕದಲ್ಲಿ ಎರಡು ಕಚ್ಚು ಮಾತ್ರ ಇರುತ್ತವೆ, ಸ್ಪ್ಯಾನರ್ ಕೂರುವುದಿಲ್ಲ. ರಾತ್ರಿ ಸೀಮೆಎಣ್ಣೆ ಬಿಟ್ಟು ಬೆಳಿಗ್ಗೆ ಇಕ್ಕಳ ಹಿಡಿದೆ. ಜಾರಿ, ಬಣ್ಣದ ಮೇಲೆ ಬೆರಳುದ್ದದ ಗೀರು ಬಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾದಾಗ ನಟ್ಟು ತಿರುಗಿತು. ಗೆದ್ದೆ ಎಂದುಕೊಂಡೆ. ಅದರ ಜೊತೆಗೆ ಇಡೀ ಆಂಟೆನಾವೇ ತಿರುಗುತ್ತಿತ್ತು! ತಗಡನ್ನು ಒಳಗಿನಿಂದ ಕಚ್ಚಿ ಹಿಡಿಯುವ ಹಲ್ಲಿನ ಬಿಲ್ಲೆ ಸವೆದಿದ್ದರಿಂದ, ನಾನು ಸುತ್ತಿದಷ್ಟೂ ಒಳಗೆ ಕೇಬಲ್ ಹುರಿಗೊಳ್ಳುತ್ತಿತ್ತು. ಆಂಟೆನಾ ಹೊಸದಾಗಿದ್ದು ಒಳಗಿನ ಹಿಡಿತ ಗಟ್ಟಿಯಿದ್ದರೆ ಈ ದಾರಿ ಹತ್ತು ನಿಮಿಷದ ಕೆಲಸ. ಹಳೆಯ ಕಾರಿಗೆ ಇದನ್ನು ನಂಬಬೇಡಿ.

ಎರಡನೆಯ ಸಲ ಇನ್ನೊಂದು ತುದಿಯಿಂದ, ಅಂದರೆ ರೇಡಿಯೊ ಕಡೆಯಿಂದ ಶುರುಮಾಡಿದೆ. ಬ್ಯಾಟರಿಯ ಮೈನಸ್ ತಂತಿ ಕಳಚಿ, ರೇಡಿಯೊ ಹೊರಗೆಳೆದು, ಹಿಂಬದಿಯ ಆಂಟೆನಾ ಪಿನ್ನನ್ನು ಕಿತ್ತೆ. ಆ ಪಿನ್ನಿಗೆ ಎರಡು ಮೀಟರ್ ನೈಲಾನ್ ದಾರ ಕಟ್ಟಿ, ಗಂಟಿನ ಮೇಲೆ ಟೇಪು ಸುತ್ತಿದೆ. ಪೈಜಾಮಕ್ಕೆ ಲಾಡಿ ಪೋಣಿಸುವ ಉಪಾಯವೇ ಇದು. ಹಳೆಯ ಕೇಬಲ್ ಹೊರಬರುವಾಗ ದಾರ ಅದರ ಜಾಗದಲ್ಲಿ ಉಳಿದರೆ, ಹೊಸ ಕೇಬಲನ್ನು ಅದೇ ದಾರ ಒಳಗೆಳೆದುಕೊಳ್ಳುತ್ತದೆ. ಇದನ್ನು ಮರೆತವರು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಒಂದು ಭಾನುವಾರ ಕಳೆಯುತ್ತಾರೆ.

ಆಮೇಲೆ ಜಾಕ್ ಕೊಟ್ಟು, ಭದ್ರತೆಗೆ ಸ್ಟೆಪ್ನಿಯನ್ನು ಕಾರಿನ ಅಡಿಗೆ ತಳ್ಳಿ, ಮುಂದಿನ ಚಕ್ರ ಬಿಚ್ಚಿದೆ. ಮಡ್‌ಗಾರ್ಡಿನೊಳಗೆ ವರ್ಷಗಳ ಮಣ್ಣು ಹೆಪ್ಪುಗಟ್ಟಿತ್ತು. ಒಂದು ಬೊಗಸೆ ಕೆರೆದು ತೆಗೆದ ಮೇಲೆಯೇ ಆಂಟೆನಾದ ಬುಡ ಕೈಗೆ ಸಿಕ್ಕಿದ್ದು. ನಾನು ಅದನ್ನು ಗ್ರಿಪ್ ಪ್ಲೈಯರಿನಿಂದ ಅದುಮಿ ಹಿಡಿದೆ, ಮಗಳು ಮೇಲಿನ ನಟ್ಟು ತಿರುಗಿಸಿದಳು. ಎರಡನೇ ಸುತ್ತಿಗೇ ಬಂತು. ಎರಡು ಗಂಟೆ ಹಿಡಿಯಿತು, ಇಬ್ಬರು ಬೇಕು, ಮೈಯೆಲ್ಲ ಕೆಸರು. ಆದರೂ ಬಣ್ಣಕ್ಕೆ ಒಂದು ಗೀರೂ ಹೆಚ್ಚಾಗಲಿಲ್ಲ. ನನ್ನ ಓಟು ಇದಕ್ಕೇ.

ಕತ್ತರಿಸುವ ಪ್ರಯೋಗ ನಡೆದದ್ದು ಭಾವನ ಕಾರಿನ ಮೇಲೆ, ನನ್ನ ಕೈಯಿಂದಲೇ. ಅದರ ನಟ್ಟು ಮೇಲೂ ಕೆಳಗೂ ತುಕ್ಕಿನಲ್ಲಿ ಒಂದಾಗಿತ್ತು. ಗ್ರೈಂಡರ್ ಹಿಡಿದರೆ ಐದು ನಿಮಿಷ, ನಿಜ. ಆದರೆ ಕಿಡಿಯ ಜೊತೆ ಹಾರಿದ ಕಬ್ಬಿಣದ ಪುಡಿ ಬಾನೆಟ್ ಮೇಲೆ ಕೂತು, ಮೊದಲ ಮಳೆಗೇ ಕಿತ್ತಳೆ ಚುಕ್ಕಿಗಳಾದವು. ಕೆಳಗಿನ ತುಂಡು ಮಡ್‌ಗಾರ್ಡಿನ ಸಂದಿಗೆ ಬಿದ್ದು, ಹಂಪ್ ಸಿಕ್ಕಿದಾಗಲೆಲ್ಲ ಈಗಲೂ ತಾಳ ಹಾಕುತ್ತದೆ. ಭಾವ ಏನೂ ಹೇಳಲಿಲ್ಲ, ಅಕ್ಕ ಹೇಳಿದಳು. ಕತ್ತರಿಸಲೇಬೇಕಾದರೆ ಸುತ್ತ ಒದ್ದೆ ಗೋಣಿ ಹೊದಿಸಿ, ಗ್ರೈಂಡರ್ ಬಿಟ್ಟು ಹ್ಯಾಕ್‌ಸಾ ಬ್ಲೇಡಿನಿಂದ ನಿಧಾನಕ್ಕೆ ಕೊಯ್ಯಿರಿ. ಬುಡವನ್ನು ಕೆಳಗಿನಿಂದ ಯಾರಾದರೂ ಹಿಡಿದಿರಲಿ.

ಉಳಿಯುವುದು ಎಂಟಾಣೆ ಬಿಲ್ಲೆಯಷ್ಟು ತೂತು. ರಬ್ಬರ್ ಬಿರಡೆ ಹಾಕಿ, ಗಾಜಿಗೆ ಒಳಗಿನಿಂದ ಅಂಟಿಸುವ ಆಂಟೆನಾವನ್ನೂ ಒಂದು ತಿಂಗಳು ನೋಡಿದೆ. ಬೆಂಗಳೂರಿನೊಳಗೆ ಆಕಾಶವಾಣಿಯ ಎಫ್‌ಎಂ 101.3 ಚೆನ್ನಾಗಿ ಕೇಳಿತು. ತುಮಕೂರಿನ ಕಡೆ ಬಂದಂತೆ ಹಾಡಿಗಿಂತ ಕರಕರವೇ ಹೆಚ್ಚು. ಎಫ್‌ಎಂನ 100 ಮೆಗಾಹರ್ಟ್ಸ್ ಆಸುಪಾಸಿಗೆ ಕಾಲು ತರಂಗದ ಕಡ್ಡಿ, ಅಂದರೆ ರೇಡಿಯೊ ಅಲೆಯ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುವ ಕಡ್ಡಿ ಎಂದರೆ ಸುಮಾರು 75 ಸೆಂಟಿಮೀಟರ್ ಉದ್ದ. ಗಾಜಿನ ಮೇಲಿನ ಗೇಣುದ್ದದ ಪಟ್ಟಿ ಅದಕ್ಕೆ ಸಾಟಿಯಾಗಲಿಲ್ಲ. ಅಪ್ಪನಿಗೆ ಬೇಕಾದ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಂತೂ ವಾರ್ತೆಗಿಂತ ಎಂಜಿನ್ನಿನ ಗುಯ್‌ಗುಡುವಿಕೆಯೇ ಜೋರು.

ಹಾಗಾಗಿ ಮತ್ತೆ ಹಳೆಯ ಮಾದರಿಯದನ್ನೇ ತಂದೆ. ಕೂರಿಸುವ ಮೊದಲು ತೂತಿನ ಒಳಬದಿಯ ತುಕ್ಕನ್ನು ಉಪ್ಪುಕಾಗದದಿಂದ ಬೆಳ್ಳಗೆ ಉಜ್ಜಿದೆ. ಕೇಬಲಿನ ಹೊರಕವಚಕ್ಕೆ ಕಾರಿನ ತಗಡಿನ ಸಂಪರ್ಕ ಸರಿಯಾಗಿ ಸಿಗದಿದ್ದರೆ ಹೊಸ ಆಂಟೆನಾವೂ ಕರಕರ ಎನ್ನುತ್ತದೆ. ಮೇಲೆ ಗ್ರೀಸು ಸವರಿದೆ. ಆ ನೈಲಾನ್ ದಾರ ಎಳೆದಾಗ ಕೇಬಲ್ ತಾನಾಗಿ ರೇಡಿಯೊ ಹತ್ತಿರ ಬಂತು. ಈಗ ದೇವರಾಯನದುರ್ಗಕ್ಕೆ ಹೋದರೆ ಕಡ್ಡಿಯನ್ನು ಪೂರ್ತಿ ಒಳಗೆ ಒತ್ತಿಯೇ ಕಾರಿನಿಂದ ದೂರ ಹೋಗುತ್ತೇನೆ.